ಕನ್ನಡಕ್ಕಾಗಿ ಕಾದ ನಾಲ್ಕು ತಿಂಗಳು

2024ರ ಜೂನ್ ತಿಂಗಳಲ್ಲಿ ಶಾಲೆ ತೆರೆದ ದಿನವೇ ತಂದೆತಾಯಿಗಳ ಕೈ ಸೇರಬೇಕಾಗಿದ್ದ ನಮ್ಮ ಶಾಲೆಯ ಸಾಫ್ಟ್‌ವೇರನ್ನು ಸೆಪ್ಟೆಂಬರ್ ತಿಂಗಳ ಕಡೆಯ ವಾರದವರೆಗೆ ತಡೆಹಿಡಿದದ್ದು ಯುಕ್ತವೋ ಅಯುಕ್ತವೋ ಎಂಬ ವಿಷಯದಲ್ಲಿ ನಮ್ಮ ಪೋಷಕರಲ್ಲಿಯೂ ಪೂರ್ವವಿದ್ಯಾರ್ಥಿನಿಯರಲ್ಲಿಯೂ ಎರಡು ಅಭಿಪ್ರಾಯಗಳಿವೆಯೆಂಬುದನ್ನು ನಾವು ಬಲ್ಲೆವು. ತಡೆದವರು ನಾವೇ, ಆದಕಾರಣ ಅದಕ್ಕೆ ಉತ್ತರ ಹೇಳಬೇಕಾದವರೂ ನಾವೇ. ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯ ಲೇಖನವೆಂದರೆ ಕಟ್ಟಡದ ನಿಧಿಯ ಲೆಕ್ಕವೂ ದಾನಿಗಳ ಉಪಕಾರಸ್ಮರಣೆಯೂ ಇರುವುದು ವಾಡಿಕೆ. ಅವೆರಡೂ ಬೇರೆ ಪುಟಗಳಲ್ಲಿ ಬಂದಿರುವುದರಿಂದ ಈ ಪುಟಗಳನ್ನು ಮೇಲ್ಕಂಡ ವಿಚಾರಕ್ಕೆ ಬಳಸಿಕೊಳ್ಳಲು ವಾಚಕರ ಅಪ್ಪಣೆಯನ್ನು ಬೇಡುತ್ತೇವೆ.

ನಡೆದ ಸಂಗತಿ ಇಷ್ಟು. ನಮ್ಮಲ್ಲಿಯೇ ಓದಿ ಈಗ ಬೆಂಗಳೂರಿನಲ್ಲಿ ಕಂಪ್ಯೂಟರಿನ ಉದ್ಯೋಗದಲ್ಲಿರುವ ಕೆಲವು ಮಂದಿ ಹೆಣ್ಣುಮಕ್ಕಳು, ತಾವು ಓದಿದ ಶಾಲೆಗೆ ಏನಾದರೂ ಮಾಡಬೇಕೆಂಬ ಅಭಿಮಾನದಿಂದ, ಸಂಜೆಯ ಹೊತ್ತನ್ನೂ ರಜೆಯ ದಿನಗಳನ್ನೂ ವಿನಿಯೋಗಿಸಿ, ಒಂದು ಕಾಸನ್ನೂ ತೆಗೆದುಕೊಳ್ಳದೆ, ಶಾಲೆಗೆಂದು ಒಂದು ಸಾಫ್ಟ್‌ವೇರನ್ನು ಸಿದ್ಧಪಡಿಸಿದರು. (ಇದಕ್ಕೆ ತಂತ್ರಾಂಶವೆಂಬ ಕನ್ನಡದ ಮಾತೊಂದುಂಟು, ನಮ್ಮ ಕಚೇರಿಯಲ್ಲಿ ಅದನ್ನು ಯಾರೂ ಆಡಿದ್ದನ್ನು ಕೇಳಿಲ್ಲವಾದುದರಿಂದ ಇಲ್ಲಿಯೂ ಬಿಟ್ಟಿದ್ದೇವೆ.) ಮಗಳು ಶಾಲೆಗೆ ಬಂದಳೋ ಇಲ್ಲವೋ, ಕಿರುಪರೀಕ್ಷೆಯಲ್ಲಿ ಎಷ್ಟು ಅಂಕ ಬಂತು, ನಾಳೆ ಮಳೆಯ ರಜೆಯೋ ಅಲ್ಲವೋ ಎಂಬುದೆಲ್ಲ ತಂದೆತಾಯಿಗಳ ಮೊಬೈಲಿನಲ್ಲಿ ಕಾಣುವುದು, ಕಚೇರಿಯ ದಾಖಲೆಪುಸ್ತಕದ ಹೆಸರು, ಹುಟ್ಟಿದ ತಾರೀಖು, ಮನೆಯ ನಂಬರು ಇವೆಲ್ಲ ಒಂದೇ ಕಡೆ ಇರುವುದು. ಮೇ ತಿಂಗಳ ನಡುವೆ ಅವರು ಶೃಂಗೇರಿಗೆ ಬಂದು ನಮ್ಮ ಮುಂದೆ ಅದನ್ನು ನಡೆಸಿ ತೋರಿಸಿದರು. ಬಲು ಚೆನ್ನಾಗಿತ್ತು. ಆದರೆ ಆದಿಯಿಂದ ಅಂತ್ಯದವರೆಗೆ ಇಂಗ್ಲಿಷಿನಲ್ಲಿತ್ತು.

“ಕನ್ನಡವೆಲ್ಲಮ್ಮಾ?” ಎಂದೆವು.

“ಅದು ಮುಂದಿನ ಬಿಡುಗಡೆಗೆ, ಟೀಚರ್. ಜೂನಿನಲ್ಲಿ ಇದನ್ನು ಹೊರಗೆ ಬಿಟ್ಟುಬಿಡೋಣ. ಜನ ಬಳಸುತ್ತಾ ಹೋಗಲಿ, ನಾವು ತಿದ್ದುತ್ತಾ ಹೋಗುತ್ತೇವೆ. ಈಗ ಎಲ್ಲ ಕಡೆಯೂ ಹೀಗೆಯೇ ಮಾಡುವುದು” ಎಂದರು.

ಇದು ಸೋಮಾರಿತನದ ಮಾತೆಂದು ಯಾರೂ ತಿಳಿಯಬಾರದು. ಅದರಲ್ಲಿ ಹುರುಳಿದೆ. ಉಪಯೋಗಿಸಿದ ಹೊರತು ವಸ್ತುವಿನ ಕೊರತೆ ತಿಳಿಯುವುದಿಲ್ಲ; ಪೂರ್ಣವಾಗಲೆಂದು ಕಾಯುತ್ತ ಕುಳಿತವನ ಕೆಲಸ ಎಷ್ಟೋ ವೇಳೆ ಪೆಟ್ಟಿಗೆಯಲ್ಲಿಯೇ ಉಳಿಯುತ್ತದೆ. ಕನ್ನಡದ ಮೊದಲನೆಯ ವೃತ್ತಪತ್ರಿಕೆಯಾದ ಮಂಗಳೂರ ಸಮಾಚಾರವನ್ನು ಹರ್ಮನ್ ಮೋಗ್ಲಿಂಗ್ ಅವರು 1843ರ ಜುಲೈ 1ರಂದು ಹೊರಡಿಸಿದಾಗ ಅದು ಮೊಳೆಯ ಅಚ್ಚಿನಲ್ಲಿರಲಿಲ್ಲ, ಕಲ್ಲಚ್ಚಿನಲ್ಲಿತ್ತು. ಮರುವರ್ಷ ಅದು ಬಳ್ಳಾರಿಗೆ ಹೋಗಿ ಕನ್ನಡ ಸಮಾಚಾರವಾಯಿತು. ಒಳ್ಳೆಯ ಮೊಳೆಗಳು ದೊರೆಯುವವರೆಗೆ ಪತ್ರಿಕೆ ಬೇಡವೆಂದು ಅವರು ಕುಳಿತಿದ್ದರೆ ನಮಗೆ ಆ ಜುಲೈ 1 ಇರುತ್ತಿರಲಿಲ್ಲ. ಅಡಿಕೆ ತೋಟದವರಿಗಂತೂ ಇದನ್ನು ಹೇಳಿಕೊಡಬೇಕಾದ್ದಿಲ್ಲ. ಮೈಲುತುತ್ತವನ್ನೂ ಸುಣ್ಣವನ್ನೂ ಕೂಡಿಸಿ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲು ಗೊನೆಗೆ ಹೊಡೆಯಬೇಕು. ಇನ್ನೂ ಒಳ್ಳೆಯ ಪಂಪು ಬರಲೆಂದು ಆಷಾಢದವರೆಗೆ ತಡೆದವನ ಫಸಲನ್ನು ಕೊಳೆರೋಗವು ತೆಗೆದುಕೊಂಡುಹೋಗುತ್ತದೆ.

ಹೀಗಿದ್ದರೂ ನಾವು ಕೂಡದೆಂದೆವು. ಅದಕ್ಕೆ ಕಾರಣವು ಭಾಷಾಭಿಮಾನವೊಂದೇ ಎಂದು ಕೆಲವರು ತಿಳಿದಿದ್ದಾರೆ. ಭಾಷಾಭಿಮಾನವು ನಮಗಿಲ್ಲವೆಂದು ಹೇಳಲಾರೆವು. ಆದರೆ ಅದೊಂದಕ್ಕಾಗಿಯೇ ನಾಲ್ಕು ತಿಂಗಳು ಕಾಯುತ್ತಿರಲಿಲ್ಲ.

ಇಂಗ್ಲಿಷಿನ ಮಾತುಗಳನ್ನು ತೆಗೆದು ಆ ಜಾಗದಲ್ಲಿ ಕನ್ನಡದ ಮಾತುಗಳನ್ನು ಇಟ್ಟುಬಿಟ್ಟರೆ ಕೆಲಸ ತೀರಿತೆಂದು ಮೊದಲು ನಾವೂ ತಿಳಿದಿದ್ದೆವು. ಹಾಗಲ್ಲವೆಂಬುದನ್ನು ಆ ಹುಡುಗಿಯರೇ ನಮಗೆ ತೋರಿಸಿಕೊಟ್ಟರು. ಲಕ್ಷ್ಮಿ ಎಂಬ ಹೆಸರಿನಲ್ಲಿ ನಮ್ಮ ಕಣ್ಣಿಗೆ ಕಾಣುವುದು ಎರಡೇ ಅಕ್ಷರ. ಯಂತ್ರದೊಳಗೆ ಅದು ಏಳು ಸಂಕೇತಗಳಾಗಿ ಕುಳಿತಿರುತ್ತದೆ: ಲಕಾರ, ಕಕಾರ, ಅದರ ಸ್ವರವನ್ನು ತೆಗೆಯುವ ಚಿಹ್ನೆ, ಷಕಾರ, ಮತ್ತೊಮ್ಮೆ ಅದೇ ಚಿಹ್ನೆ, ಮಕಾರ, ಕಡೆಗೆ ಗುಡಿಸು. ಈ ಏಳನ್ನೂ ಹೊಂದಿಸಿ ಒತ್ತುಗಳನ್ನು ತಕ್ಕ ಸ್ಥಳದಲ್ಲಿ ಕೂರಿಸುವ ವಿದ್ಯೆಯು ಸಾಫ್ಟ್‌ವೇರಿನ ಪ್ರತಿಯೊಂದು ಭಾಗಕ್ಕೂ ತಿಳಿದಿರಬೇಕು. ತೆರೆಯ ಮೇಲೆ ತಿಳಿದಿತ್ತು. ಕಾಗದದ ಮೇಲೆ ಅಚ್ಚು ಮಾಡುವ ಭಾಗಕ್ಕೆ ತಿಳಿದಿರಲಿಲ್ಲ. ಪರೀಕ್ಷಾರ್ಥವಾಗಿ ತೆಗೆದ ಅಂಕಪಟ್ಟಿಯಲ್ಲಿ ನಮ್ಮ ಲಕ್ಷ್ಮಿಯು ಒತ್ತುಗಳನ್ನೆಲ್ಲ ಕಳಚಿಕೊಂಡು ‘ಲಕ್‌ಷ್‌ಮಿ’ ಎಂದು ನಿಂತಿದ್ದಳು. ಅದನ್ನು ನೋಡಿ ನಮ್ಮ ಕನ್ನಡ ಪಂಡಿತರು ಕನ್ನಡಕವನ್ನು ತೆಗೆದು ಒರೆಸಿಕೊಂಡರು.

ಇದನ್ನು ಮುಂದೆ ತಿದ್ದಬಹುದಾಗಿತ್ತು, ನಿಜ. ನಮ್ಮನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು. ಇಂಗ್ಲಿಷಿನಲ್ಲಿ ಬಿಡುಗಡೆ ಮಾಡಿದ್ದರೆ ನಮ್ಮ ಎಲ್ಲ ಹೆಣ್ಣುಮಕ್ಕಳ ಹೆಸರುಗಳನ್ನೂ ಜೂನಿನಲ್ಲಿಯೇ ಇಂಗ್ಲಿಷಿನ ಅಕ್ಷರಗಳಲ್ಲಿ ತುಂಬಿಬಿಡಬೇಕಾಗಿತ್ತು. ಶೃಂಗೇರಿಯ ಸೀಮೆಯಲ್ಲಿ ಶಾರದೆಯರಿಗೆ ಕೊರತೆಯುಂಟೆ? ಶಾರದ, ಶಾರದಾ, ಶಾರದಮ್ಮ, ಶಾರದಾಂಬ. ಇಂಗ್ಲಿಷಿನಲ್ಲಿ ಒಬ್ಬ ಗುಮಾಸ್ತೆಯು ಎಸ್ ಎಚ್ ಹಾಕಿ ಬರೆಯುವಳು, ಇನ್ನೊಬ್ಬಳು ಎಚ್ ಬಿಡುವಳು, ಮತ್ತೊಬ್ಬಳು ದಕಾರಕ್ಕೆ ಎಚ್ ಕೂಡಿಸುವಳು. ಊರಿನ ಹೆಸರನ್ನೇ ಬೋರ್ಡುಗಳಲ್ಲಿ ಎರಡು ವಿಧವಾಗಿ ಬರೆದಿರುವುದನ್ನು ನಾವೆಲ್ಲರೂ ನೋಡಿದ್ದೇವೆ. ಕಲಾ ಎಂಬವಳು ಕಾಲವಾಗುವಳು, ವಾಣಿಯ ಣಕಾರವು ನಕಾರದಲ್ಲಿ ಕರಗುವುದು. ಹೀಗೆ ತುಂಬಿದ ಪಟ್ಟಿಯಿಂದ ಮುಂದೆ ಕನ್ನಡದ ಹೆಸರನ್ನು ಯಂತ್ರವು ತಾನಾಗಿ ಹೊರಡಿಸಲಾರದು. ಹೊರಡಿಸಿದರೂ ಅದು ಊಹೆ. ಆ ಊಹೆಯೇ ದಾಖಲೆಯಿಂದ ದಾಖಲೆಗೆ ನಡೆದು ಹತ್ತನೆಯ ತರಗತಿಯ ಅಂಕಪಟ್ಟಿಯವರೆಗೆ ಹೋಗುತ್ತದೆ. ಅಲ್ಲಿ ಒಮ್ಮೆ ಅಚ್ಚಾದ ಹೆಸರನ್ನು ತಿದ್ದಿಸಿಕೊಳ್ಳಲು ಮದುವೆಯಾಗಿ ಹೋದ ಮೇಲೂ ಕಚೇರಿಯಿಂದ ಕಚೇರಿಗೆ ಅಲೆದ ಪೂರ್ವವಿದ್ಯಾರ್ಥಿನಿಯರು ಈ ಸಾಲುಗಳನ್ನು ಓದುತ್ತಿರುವವರಲ್ಲಿಯೂ ಇದ್ದಾರೆ. ಅವರು ನಮ್ಮ ಮೇಜಿನ ಮುಂದೆ ನಿಂತದ್ದನ್ನು ನಾವು ಮರೆತಿಲ್ಲ.

ಈ ವಿಷಯದಲ್ಲಿ ನಮಗೆ ಬುದ್ಧಿ ಕಲಿಸಿದ್ದು ಕನ್ನಡದ ಒಂದು ಅಕ್ಷರದ ಕಥೆ. ಪ್ರಪಂಚದ ಲಿಪಿಗಳಿಗೆಲ್ಲ ಒಂದೊಂದು ಸಂಖ್ಯೆಯನ್ನೂ ಹೆಸರನ್ನೂ ಕೊಟ್ಟು ಯಂತ್ರಗಳಿಗೆ ತಿಳಿಸುವ ಯೂನಿಕೋಡ್ ಎಂಬ ವ್ಯವಸ್ಥೆಯ ಮೊದಲನೆಯ ಆವೃತ್ತಿಯು 1991ರಲ್ಲಿ ಹೊರಬಂತು. ಈಗ ನಮ್ಮ ಮೊಬೈಲುಗಳಲ್ಲಿ ಕನ್ನಡ ಮೂಡುವುದು ಅದರಿಂದಲೇ. ಅದರ ಆರಂಭಕಾಲದ ಕನ್ನಡದ ಪಟ್ಟಿಯಲ್ಲಿ ನಮ್ಮ ಹಳಗನ್ನಡದ ೞ ಎಂಬ ಅಕ್ಷರಕ್ಕೆ ಸ್ಥಳ ಸಿಕ್ಕಿತು. ಇದು ಈಗಿನ ಏಳು, ಬಾಳು ಎಂಬ ಮಾತುಗಳು ಪೂರ್ವದಲ್ಲಿ ಏೞು, ಬಾೞ್ ಎಂದಿದ್ದಾಗಿನ ಅಕ್ಷರ. 13ನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ರೞವೆಂದು ಕರೆದು ವಿಚಾರಿಸಿದ ಅಕ್ಷರ. ಆದರೆ ಪಟ್ಟಿ ಮಾಡಿದವರು ಇದಕ್ಕೆ ಇಟ್ಟ ಹೆಸರು ‘ಫ’. ಅದೂ ಇಂಗ್ಲಿಷಿನ ಫ್ಯಾನಿನಲ್ಲಿರುವ ಫ! ತಪ್ಪು ಆಮೇಲೆ ತಿಳಿಯಿತು. ತಿದ್ದಲು ಮಾತ್ರ ಸಾಧ್ಯವಾಗಲಿಲ್ಲ. ಯಾಕಂದರೆ ಒಮ್ಮೆ ಪ್ರಕಟವಾದ ಹೆಸರನ್ನು ಬದಲಿಸಿದರೆ ಅದನ್ನು ನಂಬಿ ನಡೆಯುವ ಯಂತ್ರಗಳೆಲ್ಲ ಕೆಡುವುವೆಂದು, ಕೊಟ್ಟ ಹೆಸರನ್ನು ಎಂದಿಗೂ ಬದಲಿಸಕೂಡದೆಂಬ ನಿಯಮವನ್ನು ಅವರು ಮಾಡಿಕೊಂಡಿದ್ದಾರೆ. ಪಕ್ಕದಲ್ಲಿ ಸರಿಯಾದ ಹೆಸರನ್ನೂ ತಪ್ಪಿನ ಟಿಪ್ಪಣಿಯನ್ನೂ ಸೇರಿಸಿ ಸುಮ್ಮನಾಗಿದ್ದಾರೆ. ಕೇಶಿರಾಜನ ರೞವು ಇಂದಿಗೂ ಆ ಪಟ್ಟಿಯಲ್ಲಿ ‘ಫ’ ಆಗಿಯೇ ಇದೆ.

ಅದೇ ಪಟ್ಟಿಯ ಇನ್ನೊಂದು ಸಂಗತಿಯನ್ನೂ ಹೇಳಬೇಕು. ಮೊದಲು ಅದರಲ್ಲಿ ಅವಗ್ರಹಚಿಹ್ನೆ ಇರಲಿಲ್ಲ. ಶೃಂಗೇರಿಯಂಥ ಊರಿನಲ್ಲಿ ಸಂಸ್ಕೃತವನ್ನು ಕನ್ನಡ ಲಿಪಿಯಲ್ಲಿ ಅಚ್ಚು ಹಾಕುವವರಿಗೆ ಅದು ಬೇಕೇ ಬೇಕು. 2003ರಲ್ಲಿ ನಾಲ್ಕನೆಯ ಆವೃತ್ತಿಯು ಹೊರಟಾಗ ಅದನ್ನು ಸೇರಿಸಿದರು; ಅಷ್ಟರಲ್ಲಿ ಯಾರ ಬರಹವೂ ಕೆಟ್ಟಿರಲಿಲ್ಲ. ಇಲ್ಲದಿದ್ದದ್ದು ಬಂದು ಕೂಡಿಕೊಂಡಿತು, ಅಷ್ಟೆ. ಇಲ್ಲದ್ದನ್ನು ಹನ್ನೆರಡು ವರ್ಷದ ಮೇಲೂ ಕೂಡಿಸಬಹುದು. ತಪ್ಪಾಗಿ ಇಟ್ಟದ್ದನ್ನು ಮರುದಿನವೂ ತೆಗೆಯಲಾಗದು. ನಮ್ಮ ಹೆಣ್ಣುಮಕ್ಕಳ ಹೆಸರಿನ ಪಟ್ಟಿಯು ಅವಗ್ರಹದ ಜಾತಿಯದಲ್ಲ, ರೞದ ಜಾತಿಯದೆಂದು ನಮಗೆ ತೋರಿತು. ಆದುದರಿಂದಲೇ ತಡೆದೆವು.

ಬೇರೆ ಕೆಲವನ್ನು ನಾವು ಕಾಯಲೊಪ್ಪಲಿಲ್ಲವೆಂಬುದನ್ನು ಇಲ್ಲಿ ಹೇಳಿಕೊಳ್ಳುವುದು ನ್ಯಾಯ. ಫೀಸನ್ನು ಮೊಬೈಲಿನಲ್ಲೇ ಕಟ್ಟುವ ಸೌಕರ್ಯವಿರಲಿ ಎಂದು ಪೋಷಕರ ಸಭೆಯಲ್ಲಿ ಕೇಳಿದರು. ವಾರ್ಷಿಕೋತ್ಸವದ ಚಿತ್ರಗಳು ಬರಲಿ ಎಂದರು. ಶಾಲೆಯ ಬಸ್ಸು ಎಲ್ಲಿದೆಯೆಂದು ಕಾಣಲಿ ಎಂದರು. ಇವೆಲ್ಲ ಒಳ್ಳೆಯವೇ. ಆದರೆ ಆಮೇಲೆ ಬರಬಹುದಾದವು. ಬಸ್ಸಿನ ವಿಷಯವಂತೂ, ಘಾಟಿಯ ತಿರುವುಗಳಲ್ಲಿ ಅದು ಎಲ್ಲಿದೆಯೆಂದು ಡ್ರೈವರನಿಗೇ ಫೋನು ಸಿಗದಿರುವಾಗ ಯಂತ್ರಕ್ಕೆ ತಿಳಿಯುವ ಬಗೆ ಹೇಗೋ ಕಾಣೆವು. ಒಂದಕ್ಕಾಗಿ ಕಾದ ಮೇಲೆ ಹತ್ತಕ್ಕಾಗಿ ಕಾಯುವ ಆಸೆ ಹುಟ್ಟುತ್ತದೆ. ಇದನ್ನು ತಡೆಯಲು ಆ ಹುಡುಗಿಯರು ನಮಗೆ ಒಂದು ದೃಷ್ಟಾಂತವನ್ನು ಹೇಳಿದರು. ಉಬುಂಟು ಎಂಬ, ಯಾರು ಬೇಕಾದರೂ ಹಣವಿಲ್ಲದೆ ಪಡೆಯಬಹುದಾದ ಕಂಪ್ಯೂಟರ್ ವ್ಯವಸ್ಥೆಯೊಂದುಂಟು. ವರ್ಷಕ್ಕೆ ಎರಡು ಬಾರಿ, ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳಲ್ಲಿ, ಹೊಸ ಆವೃತ್ತಿಯನ್ನು ಹೊರಡಿಸುವುದು ಅದರವರ ವ್ರತ. 2006ರ ಏಪ್ರಿಲಿನದನ್ನು ಮಾತ್ರ, ಹೆಚ್ಚಿನ ಪರೀಕ್ಷೆಗೂ ಬೇರೆ ಬೇರೆ ಭಾಷೆಗಳಿಗೆ ಒಗ್ಗಿಸುವ ಕೆಲಸಕ್ಕೂ ಎಂದು, ಆರು ವಾರ ಮುಂದಕ್ಕೆ ಹಾಕಿ ಜೂನ್ 1ರಂದು ಹೊರಡಿಸಿದರು. ಆರು ವಾರವೆಂದು ಮೊದಲೇ ಹೇಳಿದರು, ಆರು ವಾರಕ್ಕೇ ಮುಗಿಸಿದರು, ಆ ವರ್ಷದ ಅಕ್ಟೋಬರಿನದು ಅಕ್ಟೋಬರಿನಲ್ಲೇ ಬಂತು. ನಾವೂ ಹಾಗೆಯೇ ದಸರಾ ರಜೆಗೆ ಮೊದಲು ಎಂದು ಗಡುವನ್ನು ಬರೆದು ನೋಟೀಸು ಬೋರ್ಡಿಗೆ ಹಾಕಿಸಿದೆವು.

ಈವರೆಗೆ ಬರೆದದ್ದನ್ನು ಓದಿದರೆ ನಮ್ಮ ತೀರ್ಮಾನವು ಎಲ್ಲ ವಿಧದಲ್ಲಿಯೂ ಸರಿಯಾಗಿತ್ತೆಂದು ತೋರುವುದು. ಜುಲೈ ತಿಂಗಳವರೆಗೆ ನಮಗೂ ಹಾಗೆಯೇ ತೋರಿತ್ತು.

2024ರ ಜುಲೈ ತಿಂಗಳ ಮಳೆಯನ್ನು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದವರಿಗೆ ನಾವು ವರ್ಣಿಸಬೇಕಾದ್ದಿಲ್ಲ. ದೂರದ ಊರುಗಳಲ್ಲಿರುವ ಪೂರ್ವವಿದ್ಯಾರ್ಥಿನಿಯರು ತಮ್ಮ ಕಾಲದ ಮಳೆಗಾಲವನ್ನು ನೆನೆದುಕೊಂಡರೆ ಸಾಕು. ತುಂಗೆ ಉಕ್ಕಿದಾಗ ಗಾಂಧಿ ಮೈದಾನ ನೀರಾಗುವುದನ್ನು ಅವರು ಕಂಡಿದ್ದಾರೆ. ಮೇಲಿಂದ ಮೇಲೆ ಶಾಲೆಗಳಿಗೆ ರಜೆ ಬಂತು. ಒಂದು ರಾತ್ರಿ ರಜೆಯ ಸುದ್ದಿ ತಿಳಿದೊಡನೆ ನಮ್ಮ ಉಪಾಧ್ಯಾಯಿನಿಯರು ತಂತಮ್ಮ ತರಗತಿಯ ವಾಟ್ಸಾಪ್ ಗುಂಪುಗಳಿಗೆ ಕಳುಹಿಸಿದರು. ಮರುದಿನದ ಮರುದಿನ ಒಬ್ಬ ತಾಯಿ ಕಚೇರಿಗೆ ಬಂದರು. ಕೊಡೆಯನ್ನು ಹೊರಗೆ ಚಾಚಿಟ್ಟು, ಸೀರೆಯ ಅಂಚನ್ನು ಹಿಂಡಿ, ಒಳಗೆ ಬಂದು ನಿಂತೇ ಮಾತಾಡಿದರು. ಅವರ ಮಗಳಿಗೆ ರಜೆಯ ಸುದ್ದಿಯೇ ತಲುಪಿರಲಿಲ್ಲ. ಹುಡುಗಿ ಬೆಳಗ್ಗೆ ಏಳು ಗಂಟೆಗೆ ಕಾಲುಸಂಕ ದಾಟಿ ಬಸ್ಸಿನ ರಸ್ತೆಗೆ ಬಂದು ಒಂದು ತಾಸು ಕಾದು, ಬಸ್ಸಿಲ್ಲದೆ ಹಿಂದಿರುಗುವಾಗ ಹಳ್ಳವು ಸಂಕದ ಹಲಗೆಗೆ ತಾಗುತ್ತಿತ್ತು. ಆಚೆ ದಡದಲ್ಲಿ ತಾಯಿ, ಈಚೆ ದಡದಲ್ಲಿ ಮಗಳು. ತಂದೆ ಬಂದು ಹಗ್ಗ ಕಟ್ಟಿ ದಾಟಿಸಿದರಂತೆ.

ಸುದ್ದಿ ಯಾಕೆ ತಲುಪಲಿಲ್ಲವೆಂದು ವಿಚಾರಿಸಿದಾಗ ತಿಳಿದದ್ದು ಇದು: ವಾಟ್ಸಾಪ್ ಗುಂಪಿನಲ್ಲಿದ್ದದ್ದು ಅವರ ಹಳೆಯ ನಂಬರು. ಹೊಸ ನಂಬರನ್ನು ಅವರು ಜೂನ್ ತಿಂಗಳಲ್ಲಿಯೇ ಕಚೇರಿಗೆ ಬರೆದುಕೊಟ್ಟಿದ್ದರು. ನಮ್ಮವರು ಅದನ್ನು ಹೊಸ ಸಾಫ್ಟ್‌ವೇರಿನ ಪಟ್ಟಿಗೆ ಸೇರಿಸಿದ್ದರು. ಹೇಗೂ ಇನ್ನು ಅದೇ ಬರುತ್ತದಲ್ಲ ಎಂದು ಹಳೆಯ ಗುಂಪನ್ನು ಮುಟ್ಟಿರಲಿಲ್ಲ. ಆ ನಂಬರು ನಮ್ಮ ಕಚೇರಿಯ ಕಂಪ್ಯೂಟರಿನೊಳಗೆ ಬಿಡುಗಡೆಯ ದಿನವನ್ನು ಕಾಯುತ್ತ ಕುಳಿತಿತ್ತು.

ನಾವು ಆ ತಾಯಿಯ ಕ್ಷಮೆ ಕೇಳಿ, ಕನ್ನಡದಲ್ಲಿ ಬರಲೆಂದು ತಡೆದಿರುವುದನ್ನು ವಿವರಿಸಿದೆವು. ತಮ್ಮಂಥವರಿಗಾಗಿಯೇ ಎಂದೂ ಹೇಳಿದೆವು, ಹೇಳಬಾರದಾಗಿತ್ತು.

“ನಂಗೆ ಇಂಗ್ಲಿಷ್ ಬರಲ್ಲ ಟೀಚ್ರೇ, ನಿಜ” ಎಂದರು ಅವರು. “ಮಗಳಿಗೆ ನೀವೇ ಕಲಿಸಿದ್ದೀರಲ್ಲ? ಅವಳು ಓದಿ ಹೇಳ್ತಿದ್ಲು.”

ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ಮಗಳು ಓದಿ ಹೇಳುವ ಮನೆಯಲ್ಲಿ ಮಗಳ ಅಂಕಗಳನ್ನೂ ಗೈರುಹಾಜರಿಯನ್ನೂ ತಾಯಿಗೆ ಮಗಳೇ ಓದಿ ಹೇಳಬೇಕಾಗುವುದೆಂದೂ, ಆಗ ಯಾವುದನ್ನು ಹೇಳುವಳು, ಯಾವುದನ್ನು ಬಿಡುವಳೆಂಬುದು ಹೆಣ್ಣುಮಕ್ಕಳ ಶಾಲೆಯಲ್ಲಿ ಇಷ್ಟು ವರ್ಷ ಇದ್ದ ನಮಗೆ ಗೊತ್ತೆಂದೂ ವಾದಿಸಬಹುದಾಗಿತ್ತು. ಆ ವಾದ ಸುಳ್ಳಲ್ಲ. ಆದರೆ ಅದು ಅಂಕಪಟ್ಟಿಗೆ ಸರಿ, ಹಳ್ಳದ ನೀರಿಗೆ ಸರಿಯಲ್ಲ.

ಮೇ ತಿಂಗಳಲ್ಲಿ ತೀರ್ಮಾನ ಮಾಡುವಾಗ ನಾವು ನಮಗೆ ನಾವೇ ಕಿಟ್ಟೆಲ್ ಅವರ ನಿಘಂಟನ್ನು ನೆನಪಿಸಿಕೊಂಡು ಧೈರ್ಯ ತಂದುಕೊಂಡಿದ್ದೆವು. ಮಿಷನ್ ಶಾಲೆಗಳಲ್ಲಿ ಓದಿದವರಿಗೆ ಆ ಹೆಸರು ಮನೆಯ ಹೆಸರು. 1853ರಲ್ಲಿ ಈ ದೇಶಕ್ಕೆ ಬಂದ ಫರ್ಡಿನೆಂಡ್ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಿದ್ದದ್ದು 1894ರಲ್ಲಿ. ಸುಮಾರು 70,000 ಶಬ್ದಗಳು, 1,700ಕ್ಕೂ ಮಿಕ್ಕ ಪುಟಗಳು. ಬೇಗ ಕೊಡಿರೆಂದು ಅವಸರಪಡಿಸಿದ್ದರೆ ಅಂಥ ಗ್ರಂಥ ದೊರೆಯುತ್ತಿತ್ತೆ ಎಂದು ಸಭೆಯಲ್ಲಿ ಹೇಳಿ ಚಪ್ಪಾಳೆಯನ್ನೂ ಪಡೆದೆವು. ಕಥೆಯ ಉಳಿದರ್ಧವು ನೆನಪಾದದ್ದು ಆ ತಾಯಿ ಹೋದ ಮೇಲೆ. ಆ ವರ್ಷಗಳಲ್ಲಿ ಕನ್ನಡ ಕಲಿಯುವವರು ಬರಿಗೈಯಲ್ಲಿ ಇರಲಿಲ್ಲ. ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ವಿಲಿಯಂ ರೀವ್ ಅವರ ನಿಘಂಟು 1832ರಲ್ಲಿಯೇ ಬಂದಿತ್ತು. ಅದನ್ನು ಡೇನಿಯಲ್ ಸ್ಯಾಂಡರ್ಸನ್ ಅವರು ಪರಿಷ್ಕರಿಸಿ 1858ರಲ್ಲಿ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದ್ದರು. ದೊಡ್ಡದು ಬರುವವರೆಗೆ ಚಿಕ್ಕದು ದುರಸ್ತಾಗಿ ಜನರ ಕೈಯಲ್ಲಿತ್ತು. ನಾವು ಕಿಟ್ಟೆಲ್ ಅವರ ತಾಳ್ಮೆಯನ್ನು ತೆಗೆದುಕೊಂಡು ಸ್ಯಾಂಡರ್ಸನ್ ಅವರ ಶ್ರಮವನ್ನು ಬಿಟ್ಟಿದ್ದೆವು.

ಆದುದರಿಂದ ನಮ್ಮ ಈಗಿನ ಅಭಿಪ್ರಾಯವನ್ನು ಹೇಳುತ್ತೇವೆ. ಹೆಸರಿನ ಪಟ್ಟಿಯನ್ನೂ ಅಂಕಪಟ್ಟಿಯನ್ನೂ ಕನ್ನಡ ಸರಿಯಾಗುವವರೆಗೆ ತಡೆದದ್ದು ಸರಿ. ಇನ್ನೊಮ್ಮೆ ಅದೇ ಪ್ರಸಂಗ ಬಂದರೆ ಇನ್ನೊಮ್ಮೆ ತಡೆಯುತ್ತೇವೆ. ಮಳೆಯ ರಜೆಯ ಸುದ್ದಿಯನ್ನು ಅದರೊಡನೆ ಒಂದೇ ಗಂಟಿನಲ್ಲಿ ಕಟ್ಟಿದ್ದು ತಪ್ಪು. ಅದಕ್ಕೆ ಹೆಸರು ಬೇಕಿರಲಿಲ್ಲ, ಒತ್ತಕ್ಷರ ಬೇಕಿರಲಿಲ್ಲ, ಒಂದು ಸರಿಯಾದ ನಂಬರು ಸಾಕಾಗಿತ್ತು. ಅದನ್ನು ಬೇರೆಯಾಗಿ ಜೂನಿನಲ್ಲಿಯೇ ಬಿಡಬಹುದೆ ಎಂದು ಆ ಹುಡುಗಿಯರನ್ನು ನಾವು ಕೇಳಲೇ ಇಲ್ಲ. ಜುಲೈನಲ್ಲಿ ಕೇಳಿದಾಗ ಎರಡು ದಿನದ ಕೆಲಸವೆಂದರು! ಅಷ್ಟರಲ್ಲಿ ನಾವು ಹಳೆಯ ಗುಂಪುಗಳ ನಂಬರುಗಳನ್ನೆಲ್ಲ ತಿದ್ದಿಸಿ, ಮೊಬೈಲು ಹಿಡಿಯದ ಮನೆಗಳಿಗೆ ಸಮೀಪದ ಮನೆಯವರು ಹೋಗಿ ಹೇಳುವ ಏರ್ಪಾಟನ್ನು ಮಾಡಿಸಿದೆವು. ಆ ಏರ್ಪಾಟು ಈಗಲೂ ನಡೆಯುತ್ತಿದೆ. ಸೆಪ್ಟೆಂಬರ್ ಕಡೆಯ ವಾರ, ಗಡುವಿಗೆ ತಪ್ಪದೆ, ಉಳಿದದ್ದು ಕನ್ನಡದಲ್ಲಿ ಬಂತು. ಲಕ್ಷ್ಮಿಯ ಒತ್ತುಗಳು ಅವುಗಳ ಸ್ಥಳದಲ್ಲಿವೆ. ಪಂಡಿತರು ಮೊದಲ ಅಂಕಪಟ್ಟಿಯನ್ನು ಮೂರು ಸಲ ಓದಿ ಒಂದು ದೀರ್ಘ ತಪ್ಪಿದೆಯೆಂದು ಹಿಂದಕ್ಕೆ ಕಳುಹಿಸಿದರು. ಅದು ನಮ್ಮ ಗುಮಾಸ್ತೆಯ ತಪ್ಪಾಗಿತ್ತು, ಯಂತ್ರದ್ದಲ್ಲ.

ಇದೀಗ ಅದೇ ಪ್ರಶ್ನೆ ಮತ್ತೊಮ್ಮೆ ನಮ್ಮ ಮುಂದಿದೆ. ಮೊಬೈಲಿಗೆ ಸಂಪರ್ಕ ಸಿಗದ ಮನೆಗಳಲ್ಲಿಯೂ ಹಿಂದಿನ ದಿನ ಬಂದ ವಿವರಗಳನ್ನು ಓದಲು ಸಾಧ್ಯವಾಗುವಂತೆ ಮಾಡಬೇಕೆಂದು ಯೋಚನೆಯಿದೆ. ಅದಕ್ಕಾಗಿ ಮುಂದಿನ ಆವೃತ್ತಿಯನ್ನು ತಡೆಯಬೇಕೋ, ಇದ್ದದ್ದನ್ನು ಜೂನಿನಲ್ಲಿ ಬಿಟ್ಟು ಇದನ್ನು ಆಮೇಲೆ ಕೂಡಿಸಬೇಕೋ ಎಂಬುದನ್ನು ಈ ಬಾರಿ ನಾವೊಬ್ಬರೇ ತೀರ್ಮಾನಿಸುವುದಿಲ್ಲ. ಎಷ್ಟು ಮನೆಗಳಲ್ಲಿ ಸಂಪರ್ಕವಿಲ್ಲವೆಂಬುದು ತಿಳಿಯದೆ ತೀರ್ಮಾನಿಸಲೂ ಆಗದು. ಕಿಗ್ಗ, ನೆಮ್ಮಾರು, ಜಯಪುರ, ಬಾಳೆಹೊನ್ನೂರಿನ ಕಡೆಗಳಿಂದ ಮಕ್ಕಳನ್ನು ಕಳುಹಿಸುವ ತಂದೆತಾಯಿಗಳು, ತಮ್ಮ ಮನೆಯಲ್ಲಿ ಮಳೆಗಾಲದಲ್ಲಿ ಫೋನು ಯಾವ ಜಾಗದಲ್ಲಿ ಹಿಡಿಯುತ್ತದೆ, ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಮಗಳ ಕೈಯಲ್ಲಿ ಬೇಸಿಗೆ ರಜೆಗೆ ಮೊದಲು ಕಚೇರಿಗೆ ಕಳುಹಿಸಿದರೆ ಉಪಕಾರವಾಗುವುದು. ನಂಬರು ಬದಲಾಗಿದ್ದರೆ ಅದನ್ನೂ ಬರೆಯಿರಿ. ಚೀಟಿ ಕನ್ನಡದಲ್ಲಿರಲಿ, ಇಂಗ್ಲಿಷಿನಲ್ಲಿರಲಿ, ಬಂದ ದಿನವೇ ಹಳೆಯ ಪಟ್ಟಿಯಲ್ಲಿಯೂ ಹೊಸ ಪಟ್ಟಿಯಲ್ಲಿಯೂ ಏರಿಸುತ್ತೇವೆ.